ಉರಿಯಿಲ್ಲದ ಭಟ್ಟಿ

"ಇನ್ನ ಮ್ಯಾಲೆ ಕಲ್ಲಿದ್ದಲಾ ತರಸೂದಿಲ್ಲಂತ," ಎಂದು ಸೋಮವ್ವ ಖಾಲಿ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಹೇಳಿದಾಗ ಕಾಡವ್ವ ನಂಬಲಿಲ್ಲ. ಬೈಲಹೊಂಗಲದ ಹೊರಗೆ, ಸವದತ್ತಿ ರಸ್ತೆಗೆ ಹತ್ತಿಕೊಂಡಿದ್ದ ಆ ಕಬ್ಬಿಣದ ಮಿಲ್ಲಿನಲ್ಲಿ ಅವಳು ತನ್ನ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಕಲ್ಲಿದ್ದಲು ಹೊತ್ತವಳು. ಈಗ ಆ ಮಗಳನ್ನು ಸುರೇಬಾನಕ್ಕೆ ಮದುವೆ ಮಾಡಿ ಕೊಟ್ಟೂ ಆಗಿತ್ತು. ಕಲ್ಲಿದ್ದಲಿಲ್ಲದೆ ಭಟ್ಟಿ ಹೇಗೆ ಉರಿದೀತು? ಭಟ್ಟಿ ಉರಿಯದೆ ಕಬ್ಬಿಣ ಹೇಗೆ ಕಾದೀತು? ಕಾಯದ ಕಬ್ಬಿಣವನ್ನು ಸರಳು ಎಳೆಯುವ ಉರುಳೆಗಳ ನಡುವೆ ತುರುಕಿದರೆ ಉರುಳೆಯೇ ಮುರಿಯುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

"ಕರೆಂಟಿನ ಭಟ್ಟಿ ಬರತೈತಂತ. ಪುಣೆದಿಂದ ಸಾಹೇಬ ಬಂದಾನ. ನಾವು ಇನ್ನ ಮನಿಗೆ," ಎಂದಳು ಸೋಮವ್ವ.

ಕಾಡವ್ವನ ಗಂಡ ಜಟ್ಟೆಪ್ಪ ಆ ಮಿಲ್ಲಿನ ಭಟ್ಟಿ ಮೇಸ್ತ್ರಿ. ಹರೆಯದಲ್ಲೇ ತನ್ನೂರು ಮನೋಳಿ ಬಿಟ್ಟು ಬಂದು ಬೆಂಕಿಯ ಮುಂದೆ ನಿಂತವನು. ಒಳಗಿನ ಕಬ್ಬಿಣ ಹದಕ್ಕೆ ಬಂತೋ ಇಲ್ಲವೋ ಎಂದು ಅವನೇ ಹೇಳಬೇಕು. ಅವನು "ಹೂಂ" ಎಂದ ಮೇಲೆಯೇ ತುಂಡು ಹೊರಗೆ ಬರಬೇಕು. ನಿಗಿನಿಗಿ ಉರಿಯುವ ಆ ತುಂಡಿನ ಒಂದು ತುದಿಯನ್ನು ಅವನು, ಇನ್ನೊಂದು ತುದಿಯನ್ನು ಅವನ ಜೋಡಿಗಾರ ಸತ್ಯಪ್ಪ ಉದ್ದನೆಯ ಇಕ್ಕಳಗಳಲ್ಲಿ ಕಚ್ಚಿಸಿ ಉರುಳೆಗಳ ತನಕ ಒಯ್ಯುತ್ತಿದ್ದರು. ಸತ್ಯಪ್ಪ ಮುಂದೆ, ಜಟ್ಟೆಪ್ಪ ಹಿಂದೆ. ದಾರಿಯುದ್ದಕ್ಕೂ ಸತ್ಯಪ್ಪ "ಬಾ ಅಣ್ಣಾ ಬಾ... ಬಲಕ್ಕ ಅಣ್ಣಾ... ಇಳಸ ಅಣ್ಣಾ" ಎಂದು ರಾಗ ಎಳೆಯುತ್ತಿದ್ದ. ಬುಟ್ಟಿ ಹೊತ್ತ ಹೆಂಗಸರು ಅದನ್ನು ಅಣಕಿಸಿ ನಗುತ್ತಿದ್ದರು.

ಆ ಸಂಜೆ ರೊಟ್ಟಿ ಬಡಿಯುತ್ತ ಕಾಡವ್ವ ಗಂಡನಿಗೆ ಸುದ್ದಿ ಹೇಳಿದಳು. ಜಟ್ಟೆಪ್ಪ ಗೋಡೆಗೆ ಒರಗಿ ಕೂತಿದ್ದವನು ಒಮ್ಮೆಲೆ ನೆಟ್ಟಗಾದ.

"ಉರೀನ ಇರೂದಿಲ್ಲಾ?"

"ಇರೂದಿಲ್ಲಂತ್ರಿ."

"ಮಾರಿಗೆ ಝಳಾ ಬಡ್ಯೂದಿಲ್ಲಾ?" ಅವನು ತನ್ನ ಕೆನ್ನೆ ಮುಟ್ಟಿಕೊಂಡ.

"ಬೆಂಕೀನ ಇಲ್ಲದ ಝಳಾ ಎಲ್ಲಿಂದ ಬರಬೇಕ್ರಿ?"

ಅವನು ತಾಟನ್ನು ಬದಿಗೆ ಸರಿಸಿದ. ರೊಟ್ಟಿ ಹಾಗೇ ಉಳಿಯಿತು. ಕೆಲಸದ ಚಿಂತೆ ಹತ್ತಿದೆ ಅಂದುಕೊಂಡಳು ಕಾಡವ್ವ. ಮೇಸ್ತ್ರಿಯನ್ನು ಯಾರಾದರೂ ಬಿಡಿಸುತ್ತಾರೆಯೇ, ಬಿಡಿಸುವುದಿದ್ದರೆ ನಮ್ಮಂಥ ಬುಟ್ಟಿಯವರನ್ನು ಎಂದು ಸಮಾಧಾನವನ್ನೂ ಹೇಳಿದಳು.

ಎಪ್ಪತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಹೊಸ ಭಟ್ಟಿ ಬಂದು ಕೂತಿತು. ಚಾಲೂ ಮಾಡುವ ದಿನ ಮಿಲ್ಲಿನ ಮಾಲೀಕ ಬಸವಣ್ಣೆಪ್ಪ ಸಾವಕಾರರು ಊರಿನ ನಾಲ್ಕು ಮಂದಿ ದೊಡ್ಡವರನ್ನು ಕರೆಸಿದ್ದರು. ಕಲ್ಲಿದ್ದಲಿನ ಹೆಂಗಸರಿಗೂ ಬಂದು ನೋಡಲು ಹೇಳಿದ್ದರು. ಹಳೆಯ ಭಟ್ಟಿಯ ಶೆಡ್ಡು ಮಸಿ ಹಿಡಿದು ಹಗಲಲ್ಲೂ ಕಗ್ಗತ್ತಲಾಗಿರುತ್ತಿತ್ತು. ಹೊಸ ಶೆಡ್ಡಿಗೆ ಒಂದು ಬದಿಯ ಗೋಡೆಯೇ ಇರಲಿಲ್ಲ. ಹೊರಗಿನ ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಸಾಲದ್ದಕ್ಕೆ ಬಂದವರಿಗೆ ಚೆನ್ನಾಗಿ ಕಾಣಲೆಂದು ತೊಲೆಗೆ ಕಟ್ಟಿದ್ದ ದೊಡ್ಡ ದೀಪಗಳನ್ನೂ ಹಚ್ಚಿದ್ದರು.

ನಡುವೆ ಸೊಂಟದೆತ್ತರಕ್ಕೆ ಒಂದು ಉದ್ದನೆಯ ಪೆಟ್ಟಿಗೆ. ಅದರೊಳಗೆ ತಾಮ್ರದ ಕೊಳವೆಯನ್ನು ಹಗ್ಗದ ಸಿಂಬಿಯ ಹಾಗೆ ಸುತ್ತಿದ ಸುರುಳಿ. ಹಿಂದಿನ ಬಾಯಿಯಿಂದ ಕಬ್ಬಿಣದ ತುಂಡನ್ನು ತಳ್ಳಿದರೆ ಸುರುಳಿಯ ಹೊಟ್ಟೆಯೊಳಗೆ ಹಾಯ್ದು ಮುಂದಿನ ಬಾಯಿಯಿಂದ ಹೊರಬರಬೇಕು. ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದದ್ದಾಯಿತು.

ಪುಣೆಯ ಎಂಜಿನಿಯರ್ ದೇವಧರ ಇನ್ನೂ ಸಣ್ಣ ವಯಸ್ಸಿನವನು. ಮರಾಠಿ ಬೆರೆತ ಕನ್ನಡದಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದ: "ಇಲ್ಲಿ ಬೆಂಕಿ ಹೊರಗಿಂದ ಕಾಸೂದಿಲ್ಲ. ಸುರುಳಿಗೆ ಕರೆಂಟ ಬಿಟ್ರ, ಕಾವು ಕಬ್ಬಿಣದ ಒಳಗನ ಹುಟ್ತದ. ಸುರುಳಿ ತಣ್ಣಗ ಇರ್ತದ, ಯಾಕಂದ್ರ ಅದರ ಹೊಟ್ಟ್ಯಾಗ ನೀರು ಹರೀತಿರ್ತದ. ನೀರು ನಿಂತ್ರ ಮಾತ್ರ ಸುರುಳಿ ಸುಟ್ಟು ಒಡೀತದ. ಅದಕ್ಕ ಪಂಪಿನ ಕಡೆ ಒಬ್ಬ ಹುಷಾರಿ ಮನಶ್ಯಾ ಬೇಕು."

"ಸತ್ಯಪ್ಪಾ, ನೀ ಹೋಗು," ಎಂದರು ಸಾವಕಾರರು.

ಸತ್ಯಪ್ಪ ಅಲ್ಲಾಡಲಿಲ್ಲ. "ನಾ ಅಣ್ಣನ ಜೋಡಿ ನಿಂದರತೇನ್ರಿ. ಪಂಪಿಗೆ ಬ್ಯಾರೇದವರನ್ನ ಕಳಸ್ರಿ."

"ಯಾಕ? ಮೇಸ್ತ್ರಿ ಏನ ಕೂಸೇನ, ಕೈ ಹಿಡಕೊಂಡು ನಿಂದರಾಕ?"

ಎಲ್ಲರೂ ನಕ್ಕರು. ಕಾಡವ್ವನೂ ನಕ್ಕಳು. ಸತ್ಯಪ್ಪ ಜಟ್ಟೆಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿ, ತಿರುಗಿ ತಿರುಗಿ ನೋಡುತ್ತ ಶೆಡ್ಡಿನ ಆಚೆ ತುದಿಗೆ ಹೋದ.

ದೇವಧರ ಗುಂಡಿ ಒತ್ತಿದ. ಎಲ್ಲಿಂದಲೋ ಜೇನುಹುಳಗಳ ಹಿಂಡು ಎದ್ದ ಹಾಗೆ ಗುಂಯ್ ಎಂಬ ಸದ್ದು ಶೆಡ್ಡನ್ನೆಲ್ಲ ತುಂಬಿತು. ಹೆಂಗಸರು ಒಬ್ಬರ ಹಿಂದೊಬ್ಬರು ಪೆಟ್ಟಿಗೆಯ ಬಾಯಿಗೆ ಓರೆಯಾಗಿ ನಿಂತು ಇಣುಕಿದರು. ಒಳಗಿನ ಕಬ್ಬಿಣದ ತುಂಡು ಕಪ್ಪಗೇ ಇತ್ತು. ಆಮೇಲೆ ಕಪ್ಪಿನೊಳಗಿಂದಲೇ ಒಂದು ಕೆಂಪು ಮೇಲೆದ್ದು ಬಂತು. ಹೊಗೆಯಿಲ್ಲ, ಜ್ವಾಲೆಯಿಲ್ಲ, ಕೆಂಡವಿಲ್ಲ. ನೋಡುನೋಡುತ್ತ ಕೆಂಪು ಹಳದಿಗೆ ತಿರುಗಿತು. ಅದೇ ಹೊತ್ತಿಗೆ ದೇವಧರ ಪೆಟ್ಟಿಗೆಯ ಮೇಲೆ ತನ್ನ ಬರಿಗೈ ಇಟ್ಟು ನಗುತ್ತ ನಿಂತಿದ್ದ. ಸೋಮವ್ವ "ನಮ್ಮವ್ವ ಎಲ್ಲಮ್ಮಾ!" ಎಂದು ಕೆನ್ನೆ ಬಡಿದುಕೊಂಡಳು. ಇಷ್ಟು ವರ್ಷ ತಲೆಯ ಮೇಲೆ ಹೊತ್ತು ತಂದು ಸುರಿದ ಕಲ್ಲಿದ್ದಲಿನ ಗುಡ್ಡಗಳು ಯಾವುದಕ್ಕೆ ಬೇಕಾಗಿದ್ದವು ಎಂದು ಕಾಡವ್ವನ ತಲೆ ಗಿರ್ರೆಂದಿತು.

"ಮೇಸ್ತ್ರಿ, ಮೊದಲನೇ ತುಂಡು ನಿನ್ನ ಕೈಲೇನ ಆಗಬೇಕು. ಬಾ," ಎಂದು ಸಾವಕಾರರು ಕರೆದರು.

ಜಟ್ಟೆಪ್ಪ ಇಕ್ಕಳ ಹಿಡಿದು ಮುಂದೆ ಬಂದ. ಎಡಗೈಯಿಂದ ಪೆಟ್ಟಿಗೆಯನ್ನು ಮುಟ್ಟಿದ. ತಣ್ಣಗಿತ್ತು. ಮುಟ್ಟುತ್ತ ಮುಟ್ಟುತ್ತ ಅದರ ಮೈಗುಂಟ ಸರಿದ. ಪೆಟ್ಟಿಗೆ ಮುಗಿದಲ್ಲಿ ಕೈ ಗಾಳಿಗೆ ಬಂತು. ಅಲ್ಲಿ ಅವನು ನಿಂತ. ನಿಂತದ್ದು ಬಾಯಿಯ ಬದಿಗಲ್ಲ, ಬಾಯಿಗೆ ಎದುರಾಗಿ. ಮುಖವನ್ನು ಸಾವಕಾರರ ದನಿ ಬಂದ ಕಡೆ ತಿರುಗಿಸಿಕೊಂಡು ನಗುತ್ತಿದ್ದ.

"ಬಾಜೂಕ ಸರೀ ಮೇಸ್ತ್ರಿ," ಎಂದ ದೇವಧರ. ಅಷ್ಟರಲ್ಲಿ ಹಿಂದಿನಿಂದ ಇಬ್ಬರು ಆಳುಗಳು ಎರಡನೆಯ ತುಂಡನ್ನು ತಳ್ಳಿಬಿಟ್ಟಿದ್ದರು. ಮೊದಲನೆಯದು, ಸೂರ್ಯನ ತುಣುಕಿನಂಥದು, ಬಾಯಿಂದ ಹೊರಗೆ ಜಾರಿತು.

ಎಲ್ಲರೂ ಒಮ್ಮೆಗೇ ಕೂಗಿದರು. "ಸರೀ! ಸರೀ! ಹಿಂದಕ್ಕ! ಜಿಗೀ!" ಆ ಗದ್ದಲದ ಆಚೆಯಿಂದ ಸತ್ಯಪ್ಪನ ದನಿಯೊಂದು ಹರಿದುಬಂತು: "ಎಡಕ್ಕ ಅಣ್ಣಾ! ಎಡಕ್ಕ! ಎಡಕ್ಕ!"

ಜಟ್ಟೆಪ್ಪನಿಗೆ ಅದು ಕೇಳಿಸಲಿಲ್ಲ. ನಗು ಹಾಗೇ ಮುಖದ ಮೇಲಿದ್ದಂತೆ ಅವನು ತಲೆಯನ್ನು ಆ ಕಡೆ, ಈ ಕಡೆ ತಿರುಗಿಸಿದ. ಯಾಕೆ ಸರಿಯುತ್ತಿಲ್ಲ? ಎದುರಿಗೇ ಇದೆಯಲ್ಲ! ಕಾಡವ್ವನಿಗೆ ಏನೂ ಅರ್ಥವಾಗಲಿಲ್ಲ. ಝಳ ತಾಗಿದ್ದೇ ಅವನು ತಡೆಯಲೆಂಬಂತೆ ಎಡಗೈ ಮುಂದೆ ಚಾಚಿದ. ಅಂಗೈ ಕಬ್ಬಿಣಕ್ಕೆ ತಾಗಿತು. ತುಂಡು ಅವನ ತೊಡೆಯನ್ನು ಸವರಿ ಕೆಳಗೆ ಬಿತ್ತು. ಧೋತರ ಭಗ್ಗೆಂದಿತು.

ಓಡಿದ್ದು ಕಾಡವ್ವನಿಗೆ ನೆನಪಿಲ್ಲ. ಪೆಟ್ಟಿಗೆಯ ನೀರಿನ ಕೊಳವೆಯ ಕೆಳಗೆ ನೆನೆದು ಬಿದ್ದಿದ್ದ ಗೋಣಿಚೀಲ ಅವಳ ಕೈಗೆ ಹೇಗೆ ಬಂತೋ. ಅವನನ್ನು ನೂಕಿ ಕೆಡವಿ, ಗೋಣಿಚೀಲವನ್ನು ತೊಡೆಗೆ ಒತ್ತಿ, ಅದರ ಮೇಲೆ ತಾನೇ ಬಿದ್ದಳು. ಉರಿ ಆರಿತು. ಸುಟ್ಟ ಬಟ್ಟೆಯ, ಸುಟ್ಟ ಮಾಂಸದ ವಾಸನೆ ಬಂತು. ಅವನ ಮುಖ ಅವಳ ಮುಖಕ್ಕೆ ಗೇಣಿನ ಅಂತರದಲ್ಲಿತ್ತು. ಕಣ್ಣು ಅಗಲವಾಗಿ ತೆರೆದಿದ್ದವು. ಹಗಲಿನ ಬೆಳಕಿನಲ್ಲಿ, ಅಷ್ಟು ಹತ್ತಿರದಿಂದ ಅವಳು ಆ ಕಣ್ಣುಗಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಕರಿಯ ಬೊಂಬೆ ಇರಬೇಕಾದಲ್ಲಿ ನೀರು ಬೆರೆಸಿದ ಹಾಲಿನ ಬಣ್ಣವಿತ್ತು.

"ಯಾರದು?" ಎಂದ ಜಟ್ಟೆಪ್ಪ. "ಯಾರ ನೀವು? ಸತ್ಯಪ್ಪ ಎಲ್ಲದಾನ?"

ಗುಂಯ್ ಸದ್ದು ನಿಂತಿತ್ತು. ಯಾರೋ ಗುಂಡಿ ಒತ್ತಿ ಕರೆಂಟು ನಿಲ್ಲಿಸಿದ್ದರು. ಓಡಿ ಬಂದ ಸತ್ಯಪ್ಪ ನೆಲಕ್ಕೆ ಕುಸಿದು ತಲೆ ಹಿಡಿದುಕೊಂಡ.

ಸಾವಕಾರರ ಜೀಪಿನಲ್ಲೇ ಬೈಲಹೊಂಗಲದ ದವಾಖಾನೆಗೆ ಒಯ್ದರು. ಡಾಕ್ಟರು ಅಂಗೈಗೂ ತೊಡೆಗೂ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಗಾಯ ಮಾಯಲು ದಿನ ಬೇಕು, ಜೀವಕ್ಕೆ ಭಯವಿಲ್ಲ ಎಂದರು. ಆಮೇಲೆ ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಕಾಡವ್ವನ ಕಡೆ ತಿರುಗಿ, "ಇವರಿಗೆ ಕಾಣ್ಸೂದು ನಿಂತು ಎಷ್ಟ ದಿನ ಆತು?" ಎಂದು ಕೇಳಿದರು.

ಉತ್ತರ ಕೊಟ್ಟವನು ಬಾಗಿಲಲ್ಲಿ ನಿಂತಿದ್ದ ಸತ್ಯಪ್ಪ. "ಹ್ವಾದ ವರ್ಷದ ಮಳಿಗಾಲದಿಂದ ಪೂರಾ ಹೋಗ್ಯಾವ್ರಿ. ಅದಕ್ಕೂ ಮೊದಲ ಮಬ್ಬ ಇತ್ತು."

"ಮತ್ತ ಭಟ್ಟಿ ಮುಂದ ಹೆಂಗ ದುಡಿದ?" ಜೊತೆಗೇ ಬಂದಿದ್ದ ಸಾವಕಾರರು ಕೇಳಿದರು.

"ಕತ್ತಲದಾಗ ಭಟ್ಟಿ ಬಾಯಿ ಅಷ್ಟ ಬೆಳ್ಳಗ ಮಸುಕ ಮಸುಕ ಕಾಣ್ತಿತ್ರಿ. ಹದಾ ಮಾರಿ ಮ್ಯಾಲಿನ ಝಳದ ಮ್ಯಾಲೆ ತಿಳೀತಿತ್ತು. ದಾರಿ ನಾ ಹೇಳತಿದ್ದೆ."

ಬಾ ಅಣ್ಣಾ ಬಾ. ಬಲಕ್ಕ ಅಣ್ಣಾ. ಇಳಸ ಅಣ್ಣಾ. ಅದನ್ನೇ ಅಣಕಿಸಿ ಕಾಡವ್ವ ಎಷ್ಟು ಸಲ ನಕ್ಕಿರಲಿಲ್ಲ!

ಹೊರಗೆ ಬೇಲಿಯ ಬಳಿ ಕಲ್ಲಿದ್ದಲಿನ ಹೆಂಗಸರೆಲ್ಲ ಕಾದಿದ್ದರು. ಸೋಮವ್ವನೇ ಮುಂದೆ ಬಂದಳು.

"ದಿನಾ ಬುಟ್ಟಿ ಹೊತ್ತು ಅವನ ಮುಂದ ಹಾದೀವಿ ನಾವು. ಬಸುರಿದ್ದ ಇಂದ್ರವ್ವ ಹಾದಾಳು. ಕಣ್ಣ ಕಾಣದವನ ಕೈಯಾಗ ಆ ಕಬ್ಬಿಣಾ ಇತ್ತು. ನಿನಗ ಗೊತ್ತಿತ್ತೇನ ಕಾಡವ್ವ?"

"ಇಲ್ಲ."

"ಒಂದ ಮನ್ಯಾಗ ಇದ್ದು ಗೊತ್ತಿದ್ದಿಲ್ಲಾ?"

ಸೋಮವ್ವ ಸೆರಗು ಬಿಗಿದುಕೊಂಡು ಹೊರಟುಹೋದಳು. ಉಳಿದವರೂ ಹೋದರು.

ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲ. ದವಾಖಾನೆಯ ಬಾಕಿನ ಮೇಲೆ ಕೂತು ಕಾಡವ್ವ ಒಂದೊಂದಾಗಿ ನೆನೆಸಿಕೊಂಡಳು. ಸಂಜೆಯಾದರೆ ಅವನು ಕಂದೀಲನ್ನು ದೂರ ಇಡಿಸುತ್ತಿದ್ದ. ದಿನವಿಡೀ ಬೆಂಕಿ ನೋಡಿದ ಕಣ್ಣಿಗೆ ಕತ್ತಲೆಯೇ ಹಿತ ಎನ್ನುತ್ತಿದ್ದ. ಸೈಕಲ್ಲನ್ನು ಮೈದುನನಿಗೆ ಕೊಟ್ಟುಬಿಟ್ಟಿದ್ದ. ನಡೆದರೆ ಮೈ ಹಗುರಾಗುತ್ತದೆ ಎಂದಿದ್ದ. ದಿನಾ ಬೆಳಗ್ಗೆ ಸತ್ಯಪ್ಪ ಬಾಗಿಲಿಗೆ ಬರುತ್ತಿದ್ದ, ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುತ್ತಿದ್ದರು. ಮಗಳು ಸುರೇಬಾನದಿಂದ ಬಂದು ಹೊಸ್ತಿಲಲ್ಲಿ ನಿಂತರೆ, ಅವಳು "ಅಪ್ಪಾ" ಅನ್ನುವ ತನಕ ಅವನು ತಲೆ ಎತ್ತುತ್ತಿರಲಿಲ್ಲ. ಗಂಡು ಜಾತಿ, ಬಿಗುಮಾನ ಅಂದುಕೊಂಡಿದ್ದಳು.

ಮತ್ತೆ ಅವಳ ಹಣೆಯ ಗಾಯ. ಹೋದ ದೀಪಾವಳಿಯ ಹಿಂದುಮುಂದು ಕಲ್ಲಿದ್ದಲಿನ ದೊಡ್ಡ ಹೆಂಟೆಯೊಂದು ಸಿಡಿದು ಅವಳ ಹುಬ್ಬಿನಿಂದ ಕೂದಲಿನ ತನಕ ಸೀಳಿತ್ತು. ಹೆಂಗಸರು ಅರಿಶಿನ ಮೆತ್ತಿ ಮನೆಗೆ ಕಳಿಸಿದ್ದರು. ಆ ಸಂಜೆ ಗಂಡ ಬಂದು ಎದುರಿಗೇ ಕೂತು ಉಂಡು ಎದ್ದ. ಏನಾಯಿತೆಂದು ಕೇಳಲಿಲ್ಲ. ಕೇಳಲಿ ಎಂದು ಅವಳೂ ಹೇಳಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಅಂದಿನಿಂದ ಅವಳ ಎದೆಯಲ್ಲಿ ಒಂದು ಕಲ್ಲು ಕೂತಿತ್ತು. ಈ ಮನುಷ್ಯನಿಗೆ ನಾನು ಇದ್ದರೂ ಒಂದೇ ಸತ್ತರೂ ಒಂದೇ ಎಂದು ತೀರ್ಮಾನಿಸಿ, ಬೇಕಾದಷ್ಟೇ ಮಾತಾಡುತ್ತ ದಿನ ಕಳೆದಿದ್ದಳು.

ಅವಳು ಎದ್ದು ಅವನ ಮಂಚದ ಬಳಿ ಹೋದಳು. ಬಟ್ಟೆ ಸುತ್ತದ ಬಲಗೈಯನ್ನು ಹಿಡಿದು, ಬೆರಳುಗಳನ್ನು ತನ್ನ ಹಣೆಗೆ ಒತ್ತಿದಳು. ಜಟ್ಟೆಪ್ಪ ಆ ಗೆರೆಯನ್ನು ಮೇಲಿನಿಂದ ಕೆಳಗೆ ಸವರಿದ. ಮತ್ತೊಮ್ಮೆ ಸವರಿದ.

"ಇದೇನ ಕಾಡವ್ವ? ಯಾವಾಗ ಆತು?"

"ನಿನಗ ಯಾಕ ಹೇಳಬೇಕ?" ಮದುವೆಯಾದಾಗಿನಿಂದ ಗಂಡನಿಗೆ ಏಕವಚನ ಬಳಸಿದವಳಲ್ಲ ಅವಳು. "ನೀ ನಂಗ ಹೇಳಿದೇನ? ನಾ ಒಬ್ಬಾಕಿ ನಿನ್ನ ಹೇಣ್ತಿ. ಸತ್ಯಪ್ಪಗ ಗೊತ್ತು, ನಂಗ ಗೊತ್ತಿಲ್ಲ."

"ಹೇಳಿದ್ರ ನೀ ಭಟ್ಟೀಗೆ ಕಳಸ್ತಿದ್ದಿಲ್ಲ," ಎಂದ ಅವನು. "ಬ್ಯಾರೇ ಕೆಲಸ ನಂಗ ಏನ ಬರತೈತಿ? ಹೋದ ಕಣ್ಣ ತಿರಗಿ ಬರೂದಿಲ್ಲ ಅಂತ ತಿಳದಿದ್ದೆ. ನಮ್ಮ ಅಜ್ಜನೂ ಹಂಗ ಕುರುಡಾಗಿ ಸತ್ತ."

"ಸೋಮವ್ವ ಸತ್ತಿದ್ರ? ಇಂದ್ರವ್ವ ಸತ್ತಿದ್ರ?"

ಅವನು ಮುಖವನ್ನು ಗೋಡೆಗೆ ತಿರುಗಿಸಿದ. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೆಂದು ತಿಳಿದರೂ ಅವಳಿಗೆ ಸಂತೈಸಲಾಗಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಅಂಗೈಯ ಗಾಯ ಒಣಗುವ ಹೊತ್ತಿಗೆ ಸವದತ್ತಿಯಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆಂದು ಡಂಗುರ ಸಾರಿದರು. ಬೇಸಿಗೆ ರಜೆಗೆ ಖಾಲಿಯಿದ್ದ ಶಾಲೆಯ ಕೋಣೆಗಳಲ್ಲಿ ಮಂಚ ಹಾಕಿ, ಹೊರಗಿನಿಂದ ಬಂದ ಡಾಕ್ಟರರು ನೋಡುತ್ತಿದ್ದರು. ಕಾಡವ್ವ ಗಂಡನನ್ನು ಬಸ್ಸಿಗೆ ಹತ್ತಿಸಿ ಕರೆದೊಯ್ದಳು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ನಡುವೆ ಇಬ್ಬರೂ ಒತ್ತಿಕೊಂಡು ಕೂತರು.

ನರೆತ ಕೂದಲಿನ ಡಾಕ್ಟರಮ್ಮ ಒಬ್ಬರು ಜಟ್ಟೆಪ್ಪನ ಕಣ್ಣನ್ನು ಬೆರಳಿನಿಂದ ಅಗಲಿಸಿ ನೋಡಿ, "ಮೋತಿಬಿಂದು," ಎಂದರು. "ಪೊರಿ ಬಂದಾವು. ಮುದುಕರಿಗೆ ಬರೂದು ಇದು. ಬೆಂಕಿ ಮುಂದ ದುಡಿದೀರೇನ?"

"ಹೌದ್ರಿ. ಹುಡುಗ ಇದ್ದಾಗಿಂದ."

"ಅದಕ್ಕ. ಆ ಝಳಕ್ಕ ಕಣ್ಣು ಲಗೂನ ಪೊರಿ ಕಟ್ತಾವು. ತಗದ್ರಾತು."

"ತಗದ್ರ... ಕಾಣ್ತದೇನ್ರಿ?" ಕೇಳಿದವಳು ಕಾಡವ್ವ.

"ಕನ್ನಡಕ ಹಾಕಿದ್ರ ಕಾಣ್ತದ. ಮೊದಲ ಬಂದಿದ್ರ ಮೊದಲ ತಗೀತಿದ್ವಿ."

ಕಾಡವ್ವ ಗಂಡನ ರಟ್ಟೆ ಹಿಡಿದಳು. ಮುಚ್ಚಿಟ್ಟದ್ದು, ಸುಳ್ಳಾಡಿದ್ದು, ಕುರುಡು ಹೆಜ್ಜೆ ಹಾಕುತ್ತ ಕೆಂಡ ಹೊತ್ತದ್ದು, ತೊಡೆ ಸುಟ್ಟದ್ದು, ಇವೆಲ್ಲದರ ಬದಲಿಗೆ ಒಂದು ಬಸ್ಸು ಹತ್ತಿ ಬಂದಿದ್ದರೆ ಸಾಕಾಗಿತ್ತು. ಮನುಷ್ಯನಿಗೆ ಇಷ್ಟು ಸಣ್ಣದು ಗೊತ್ತಿಲ್ಲದೆ ಇಷ್ಟು ದೊಡ್ಡದು ನಡೆದುಹೋಗುತ್ತದೆಯೇ?

ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ಉಸುಕಿನ ಚೀಲಗಳ ನಡುವೆ ತಲೆಯಿಟ್ಟು ಅಲುಗದೆ ಮಲಗಿದ ಗಂಡನಿಗೆ ಅವಳೇ ಗಂಜಿ ಕುಡಿಸಿದಳು. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿದ ದಿನ ಜಟ್ಟೆಪ್ಪ ಮೊದಲು ತನ್ನ ಸುಟ್ಟ ಅಂಗೈಯನ್ನೇ ನೋಡಿಕೊಂಡ. ಚರ್ಮ ಸುಕ್ಕುಗಟ್ಟಿ, ಎರಡು ಬೆರಳು ಒಳಕ್ಕೆ ಬಾಗಿದ್ದವು. ಆಮೇಲೆ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹೆಂಗಾಗಿಯಲ್ಲ ಕಾಡವ್ವ," ಎಂದ. "ಕೂದಲೆಲ್ಲಾ ಬೆಳ್ಳಗಾಗ್ಯಾವು."

"ಆಗತಾವ," ಎಂದಳು ಅವಳು. ಅಷ್ಟು ದಿನ ತಡೆದಿಟ್ಟಿದ್ದ ಅಳು ಆಗ ಬಂತು.

ಬೈಲಹೊಂಗಲಕ್ಕೆ ತಿರುಗಿ ಬಂದ ದಿನವೇ ಅವಳು ನೇರ ಸಾವಕಾರರ ಮುಂದೆ ಹೋಗಿ ನಿಂತಳು. ತನಗೆ ಕೆಲಸ ಕೊಡಿ ಎಂದು ಕೇಳಲು ಬಂದಿದ್ದಾಳೆಂದು ಅವರು ತಿಳಿದಿದ್ದರು. "ಹಳೇ ಭಟ್ಟಿ ಮುಂದ ನಿಂತವರನ್ನೆಲ್ಲಾ ಶಿಬಿರ ಮುಗಿಯೂದ್ರಾಗ ಕಳಸ್ರಿ," ಎಂದಳು ಕಾಡವ್ವ. "ಇನ್ನ ಯಾರು ಯಾರು ಮುಚ್ಚಿಟ್ಟಾರೋ ಯಾರಿಗೆ ಗೊತ್ತು?" ಮರುದಿನ ಮಿಲ್ಲಿನ ಲಾರಿ ಸವದತ್ತಿಗೆ ಹೊರಟಿತು. ಲಾರಿಯ ಹಿಂದೆ ಭಟ್ಟಿಯ ಆಳುಗಳು ಜಾತ್ರೆಗೆ ಹೊರಟವರ ಹಾಗೆ ನಗೆಚಾಟಿಕೆ ಮಾಡುತ್ತ ಕೂತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಸತ್ಯಪ್ಪ. ಗಂಡನ ಎರಡನೆಯ ಕಣ್ಣನ್ನು ತೋರಿಸಲೆಂದು ಕಾಡವ್ವ, ಜಟ್ಟೆಪ್ಪ ಕೂಡ ಅದೇ ಲಾರಿಯಲ್ಲಿದ್ದರು.

ಶಾಲೆಯ ಅಂಗಳದಿಂದ ಕೋಣೆಯ ತನಕ ಸಾಲು ನಿಂತಿತು. ಸತ್ಯಪ್ಪನ ಸರದಿ ಬಂದಾಗ ಅವನು, "ನಂದೇನ ನೋಡತೀರಿ ಡಾಕ್ಟರ ಬಾಯಾರ? ಇಷ್ಟ ದಿನ ಇಬ್ಬರ ಪಾಲಿಂದೂ ನಾನ ನೋಡೇನಿ," ಎಂದು ಚೇಷ್ಟೆ ಮಾಡಿದ. ಡಾಕ್ಟರಮ್ಮ ನಗಲಿಲ್ಲ. ಬ್ಯಾಟರಿಯನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ ಹಿಡಿದರು.

"ನಿಮಗೂ ಶುರು ಆಗ್ಯಾವ," ಎಂದರು. "ಎಡಗಣ್ಣಾಗ ಜಾಸ್ತಿ ಅದ."

"ಇಲ್ರಿ. ನಂಗ ಚಲೋ ಕಾಣ್ತಾವ."

"ಬಲಗಣ್ಣ ಮುಚ್ಚಿ ಹೊರಗ ನೋಡ್ರಿ."

ಸತ್ಯಪ್ಪ ಅಂಗೈಯಿಂದ ಬಲಗಣ್ಣು ಮುಚ್ಚಿ ಕಿಟಕಿಯಾಚೆ ನೋಡಿದ. ಅಂಗಳದ ನಡುವೆ ಒಂದು ಬೇವಿನ ಮರವಿತ್ತು. ಅವನ ನಗು ನಿಧಾನವಾಗಿ ಇಳಿಯಿತು. ಕೈ ತೆಗೆದ, ಮತ್ತೆ ಮುಚ್ಚಿದ.

"ಅಣ್ಣಾ," ಎಂದು ಕರೆದ. ದನಿ ಅವನದಲ್ಲವೆಂಬಂತಿತ್ತು. "ಆ ಗಿಡದಾಗ ಎಲಿ ಬಿಡಿಬಿಡಿಯಾಗಿ ಕಾಣ್ತಾವೇನ?"

ಜಟ್ಟೆಪ್ಪ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಕಿಟಕಿಯ ಕಡೆ ನೋಡಿದ. ಆಮೇಲೆ ಸತ್ಯಪ್ಪನ ಹೆಗಲ ಮೇಲೆ ಕೈ ಇಟ್ಟ.

"ಕಾಣ್ತಾವ," ಎಂದಳು ಕಾಡವ್ವ. "ಎಲ್ಲಾ ಬಿಡಿಬಿಡಿಯಾಗಿ ಕಾಣ್ತಾವ."

ಸತ್ಯಪ್ಪ ಅಲ್ಲೇ ಇದ್ದ ಶಾಲೆಯ ಮಕ್ಕಳ ಪುಟ್ಟ ಬಾಕಿನ ಮೇಲೆ ಕೂತುಬಿಟ್ಟ. ಸಾಲಿನಲ್ಲಿ ನಗೆಚಾಟಿಕೆ ನಿಂತಿತ್ತು. ಒಬ್ಬೊಬ್ಬರೇ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಬೇವಿನ ಮರದ ಕಡೆ ನೋಡತೊಡಗಿದ್ದರು. ಡಾಕ್ಟರಮ್ಮ ಬ್ಯಾಟರಿ ಎತ್ತಿಕೊಂಡು ಮುಂದಿನವನನ್ನು ಕರೆದರು.